ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಜಾಲಹಳ್ಳಿಯ ಒಳರಸ್ತೆಗಳಿಂದ ಹೊರಟು ತುಮಕೂರು ರಸ್ತೆಗೆ ಸೇರಬೇಕಾದವರಿಗೆ ಜಾಲಹಳ್ಳಿ ಕ್ರಾಸು ದಿನವೂ ಒಂದು ಪರೀಕ್ಷೆಯನ್ನು ಒಡ್ಡುತ್ತದೆ. ಲಾರಿಗಳೂ ದೂರದ ಊರುಗಳ ಬಸ್ಸುಗಳೂ ಒಂದರ ಬೆನ್ನಿಗೆ ಒಂದು ಬರುತ್ತಿರುತ್ತವೆ. ಎರಡು ವಾಹನಗಳ ನಡುವೆ ದೊರೆಯುವ ಎಡೆಯನ್ನು ಕಣ್ಣಿನಿಂದಲೇ ಅಳೆದು, ಆ ಎಡೆ ಮುಚ್ಚಿಹೋಗುವುದರೊಳಗಾಗಿ ನಮ್ಮ ಕಾರು ರಸ್ತೆಯ ಓಟಕ್ಕೆ ತಕ್ಕ ವೇಗವನ್ನು ಪಡೆಯಬೇಕು. ಹೀಗೆ ವೇಗವು ಹೆಚ್ಚುವ ದರಕ್ಕೆ ಭೌತಶಾಸ್ತ್ರದಲ್ಲಿ ವೇಗೋತ್ಕರ್ಷವೆಂದು ಹೆಸರು. ಬೀದಿಯ ಮಾತಿನಲ್ಲಿ ಅದೇ 'ಪಿಕಪ್'. ಇದು ಹುಡುಗರ ಶೋಕಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಭಾವಿಸುವವರುಂಟು. ಬೆನ್ನ ಹಿಂದೆ ಲಾರಿಯೊಂದು ಹಾರನ್ ಬಾರಿಸುತ್ತ ಬರುತ್ತಿರುವಾಗ, ಕಾಲಿನಿಂದ ಪೂರ್ತಿ ಒತ್ತಿದರೂ ಕಾರು ಮುಂದಕ್ಕೆ ಹೋಗದಿದ್ದರೆ, ಪಿಕಪ್ ಎಂಬುದು ಪ್ರಾಣರಕ್ಷಣೆಯ ವಿಷಯವೆಂಬುದು ಆಗ ತಿಳಿಯುತ್ತದೆ. ಹೋದ ವರ್ಷ ನಮಗೆ ಹಾಗೆಯೇ ತಿಳಿಯಿತು.

ನಮ್ಮ ಮನೆಯಲ್ಲಿರುವುದು ಹದಿನಾಲ್ಕು ವರ್ಷ ಹಳೆಯದಾದ, ನಾಲ್ಕು ಗೇರುಗಳ ಸಣ್ಣ ಆಟೋಮ್ಯಾಟಿಕ್ ಕಾರು. ಮೊಣಕಾಲಿನ ನೋವಿನಿಂದ ಕ್ಲಚ್ಚು ತುಳಿಯಲಾಗದ ಹಿರಿಯರಿಗಾಗಿ ಅದನ್ನು ಕೊಂಡದ್ದು. ಕೆಲವು ತಿಂಗಳುಗಳಿಂದ ಅದು ಮಂಕಾಗುತ್ತ ಬಂದಿತ್ತು. ನಿಂತಲ್ಲಿಂದ ಹೊರಡುವಾಗ ತಕ್ಕಮಟ್ಟಿಗೆ ಹೊರಡುವುದು. ಗಂಟೆಗೆ ೪೦ ಕಿಲೋಮೀಟರು ದಾಟಿದೊಡನೆ ಯಾರೋ ಹಿಂದಿನಿಂದ ಹಿಡಿದು ಎಳೆದಂತಾಗುವುದು. ಗೊರಗುಂಟೆಪಾಳ್ಯದ ಬಳಿ ಮೇಲುಸೇತುವೆಯನ್ನು ಏರುವಾಗ ಕೆಳಗಿನ ಗೇರಿನಲ್ಲಿಯೇ ನರಳುತ್ತ, ಮೇಲಿನ ಗೇರಿಗೆ ಹೋಗಲೊಲ್ಲದೆ ತಡಕಾಡುವುದು. ರಿಪೇರಿಯ ಅಂಗಡಿಯೊಂದಕ್ಕೆ ಒಯ್ದೆವು. ಮೊದಲ ಸಲ ಗೇರಿನ ಎಣ್ಣೆಯನ್ನು ಬದಲಾಯಿಸಿದರು. ಎರಡನೆಯ ಸಲ ಪೆಟ್ರೋಲು ಪಂಪನ್ನು ಬದಲಾಯಿಸಿದರು. ಮೂರನೆಯ ಸಲ, ಎಂಜಿನ್ನು ಎಷ್ಟು ಗಾಳಿಯನ್ನು ಎಳೆದುಕೊಳ್ಳುತ್ತಿದೆ ಎಂಬುದನ್ನು ತಿಳಿಸುವ ಸೆನ್ಸರನ್ನು ಬದಲಾಯಿಸಿದರು. ಮೂರು ಸಲವೂ ಹಣ ಕೊಟ್ಟೆವು. ಮೂರು ಸಲವೂ ಕಾರು ಹೇಗೆ ಹೋಗಿತ್ತೋ ಹಾಗೆಯೇ ಹಿಂದಿರುಗಿತು. ಕೊನೆಗೆ ಹೊರಬಿದ್ದ ತೀರ್ಪು: "ಗೇರ್‌ಬಾಕ್ಸ್ ಹೋಗಿದೆ ಸಾರ್. ಬಿಚ್ಚಿ ಕಟ್ಟಬೇಕು. ಎಂಬತ್ತು ಸಾವಿರ ಆಗಬಹುದು. ಅದಕ್ಕಿಂತ ಗುಜರಿಗೆ ಹಾಕೋದೇ ವಾಸಿ." ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷಗಳ ಅವಧಿ, ಆಮೇಲೆ ಅರ್ಹತೆಯ ಪರೀಕ್ಷೆ ಮಾಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. ಅವಧಿ ಹತ್ತಿರ ಬಂದಿರುವ ಕಾರಿಗೆ ಇಷ್ಟು ಹಣ ಸುರಿಯುವುದು ಉಚಿತವೇ ಎಂದು ನಾವೂ ಗುಜರಿಯ ದಾರಿಯನ್ನೇ ಯೋಚಿಸತೊಡಗಿದ್ದೆವು.

ಕಾರಿನ ಗೇರುಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಅದನ್ನು ಕಂಡುಹಿಡಿದ ಬಗೆಯನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುವುದು ಮೇಲು. ಯಂತ್ರದ ರೋಗವನ್ನು ಗುರುತಿಸುವುದೇ ಒಂದು ಸ್ವತಂತ್ರವಾದ ಕೆಲಸ. ಅದು ಬಿಡಿಭಾಗಗಳ ಮಾರಾಟದ ಬಾಲವಲ್ಲ. ಆ ಕೆಲಸಕ್ಕೆ ಬೇರೆಯಾಗಿ ಕೂಲಿ ಕೊಡುವ ಅಭ್ಯಾಸ ನಮ್ಮಲ್ಲಿ ಬೆಳೆಯುವವರೆಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಡೆಯುತ್ತಲೇ ಇರುತ್ತದೆ. ತಪ್ಪು ರಿಪೇರಿಯವರದಷ್ಟೇ ಅಲ್ಲ; ಅದರಲ್ಲಿ ನಮ್ಮ ಪಾಲೂ ದೊಡ್ಡದು.

ಎಲ್ಲರ ಸಂದೇಹವೂ ಮೊದಲು ಗೇರುಪೆಟ್ಟಿಗೆಯ ಮೇಲೆಯೇ ಏಕೆ ಬೀಳುತ್ತದೆ? ಅದು ಕಣ್ಣಿಗೆ ಕಾಣದ, ಸಾಮಾನ್ಯರಿಗೆ ಅರ್ಥವಾಗದ ಭಾಗ. ಕೈಯಿಂದ ಗೇರು ಹಾಕುವ ಕಾರಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಕ್ಲಚ್ಚಿನ ಗಟ್ಟಿಯಾದ ಹಿಡಿತವಿರುತ್ತದೆ. ಅದು ಸವೆದು ಜಾರಿದರೆ ಓಡಿಸುವವನಿಗೆ ಬೇಗ ಗೊತ್ತಾಗುತ್ತದೆ. ಹಳೆಯ ಆಟೋಮ್ಯಾಟಿಕ್ ಕಾರುಗಳಲ್ಲಿ ಆ ಸ್ಥಾನದಲ್ಲಿರುವುದು ಟಾರ್ಕ್ ಕನ್ವರ್ಟರು. ಎಣ್ಣೆ ತುಂಬಿದ ದುಂಡಗಿನ ಡಬ್ಬಿಯೊಳಗೆ ಅಲಗುಗಳುಳ್ಳ ಎರಡು ಚಕ್ರಗಳು ಎದುರುಬದುರಾಗಿ ಕುಳಿತಿವೆಯೆಂದು ಊಹಿಸಿಕೊಳ್ಳಿ. ಒಂದನ್ನು ಎಂಜಿನ್ನು ತಿರುಗಿಸುತ್ತದೆ. ಅದು ಎಣ್ಣೆಯನ್ನು ಎರಚುತ್ತದೆ. ಎಣ್ಣೆಯ ಹೊಡೆತಕ್ಕೆ ಎರಡನೆಯ ಚಕ್ರ ತಿರುಗುತ್ತದೆ. ನಡುವೆ ಇರುವ ಮೂರನೆಯ ಅಲಗುಚಕ್ರವು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ಮೊದಲನೆಯದಕ್ಕೆ ನೆರವಾಗುವಂತೆ ಕಳುಹಿಸುತ್ತದೆ. ಈ ಉಪಾಯದಿಂದ ಕಾರು ಹೊರಡುವ ಕ್ಷಣದಲ್ಲಿ ತಿರುಗಿಸುವ ಬಲವು ಸುಮಾರು ಇಮ್ಮಡಿಯಾಗುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ ಎಂಬ ಎಂಜಿನಿಯರು ಇದಕ್ಕೆ ೧೯೦೫ರಲ್ಲಿ ಪೇಟೆಂಟು ಪಡೆದದ್ದು ಕಾರುಗಳಿಗಾಗಿ ಅಲ್ಲ, ಹಡಗುಗಳಿಗಾಗಿ. ಎಣ್ಣೆಯ ಮೂಲಕ ಶಕ್ತಿಯನ್ನು ಸಾಗಿಸಿ, ತನ್ನಷ್ಟಕ್ಕೆ ತಾನೇ ಗೇರು ಬದಲಿಸುವ ಪೆಟ್ಟಿಗೆಯು ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ಬಂದದ್ದು ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರುಗಳ ೧೯೪೦ರ ಮಾದರಿಯಲ್ಲಿ. ಇಂದಿನ ಆಟೋಮ್ಯಾಟಿಕ್‌ಗಳೆಲ್ಲ ಈ ಒಂದೇ ಜಾತಿಯವಲ್ಲ. ನಮ್ಮ ದೇಶದಲ್ಲಿ ೨೦೧೪ರಲ್ಲಿ ಬಂದ ಮಾರುತಿ ಸೆಲೆರಿಯೊ ಕಾರಿನಿಂದ ಹೆಚ್ಚಾಗಿ ಹಬ್ಬಿದ ಬಗೆಯಲ್ಲಿ ಇರುವುದು ಸಾಧಾರಣ ಕ್ಲಚ್ಚು. ಅದನ್ನು ತುಳಿಯುವ ಕೆಲಸವನ್ನು ಮಾತ್ರ ಯಂತ್ರವು ಮಾಡುತ್ತದೆ. ಇನ್ನು ಕೆಲವದರಲ್ಲಿ ಗೇರುಗಳ ಬದಲು ಉಕ್ಕಿನ ಪಟ್ಟಿಯೊಂದು ಓಡುತ್ತದೆ. ಇಲ್ಲಿ ನಾವು ಹೇಳುತ್ತಿರುವುದು ಎಣ್ಣೆಯ ಹಳೆಯ ಬಗೆಯನ್ನು ಕುರಿತು.

ಈ ಬಗೆಯ ಪೆಟ್ಟಿಗೆಯಲ್ಲಿ ಜಾರುವಿಕೆ ಸ್ವಭಾವದಲ್ಲಿಯೇ ಇರುವುದರಿಂದ, ಅದು ಹೆಚ್ಚಾಗಿದೆಯೋ ಇಲ್ಲವೋ ಎಂಬುದು ಕೇವಲ ಅನುಭವದಿಂದ ತಿಳಿಯುವುದಿಲ್ಲ. ಆದರೆ ಕಾರಿನ ಮುಂಭಾಗದಲ್ಲಿಯೇ ಇದನ್ನು ತಿಳಿಸುವ ಎರಡು ಮುಳ್ಳುಗಳಿವೆ. ಒಂದು ಕಾರಿನ ವೇಗವನ್ನು ತೋರಿಸುತ್ತದೆ. ಇನ್ನೊಂದು, ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು. ಎರಡನ್ನೂ ಒಟ್ಟಿಗೆ ಓದಿದರೆ ಅರ್ಧ ರೋಗನಿರ್ಣಯವಾದಂತೆ. ಸುತ್ತಿನ ಮುಳ್ಳು ಚಿಮ್ಮಿ ಮೇಲೇರಿ ವೇಗದ ಮುಳ್ಳು ಹಿಂದುಳಿದರೆ, ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಚಕ್ರಗಳನ್ನು ತಲುಪುತ್ತಿಲ್ಲ. ಗೇರುಪೆಟ್ಟಿಗೆಯನ್ನು ಸಂದೇಹಿಸುವುದು ಆಗ ನ್ಯಾಯ. ಕಾಲನ್ನು ಪೂರ್ತಿ ಒತ್ತಿದರೂ ಸುತ್ತಿನ ಮುಳ್ಳೇ ಮೇಲೇಳದಿದ್ದರೆ ಎರಡು ಸಾಧ್ಯತೆಗಳು: ಎಂಜಿನ್ನಿನಲ್ಲಿ ಶಕ್ತಿಯೇ ಹುಟ್ಟುತ್ತಿಲ್ಲ, ಅಥವಾ ಹುಟ್ಟಿದ ಶಕ್ತಿಗೆ ಮೀರಿದ ಹೊರೆ ಬಿದ್ದಿದೆ. ಬ್ರೇಕು ಬಿಡದೆ ಹಿಡಿದುಕೊಂಡಿದ್ದರೆ ಇಂಥ ಹೊರೆ ಬೀಳುತ್ತದೆ. ಸಮತಟ್ಟಾದ ನೆಲದಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದಾಗ ಕಾರು ಸಲೀಸಾಗಿ ಉರುಳುವುದೇ, ಸ್ವಲ್ಪ ದೂರ ಓಡಿಸಿದ ಮೇಲೆ ಯಾವುದಾದರೂ ಒಂದು ಚಕ್ರದ ಬಳಿ ಮಾತ್ರ ಶಾಖ ಹೆಚ್ಚಾಗಿದೆಯೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ಮೂರನೆಯ ಪ್ರಸಂಗವೂ ಒಂದುಂಟು. ಹೊರಡುವಾಗ ತೀರ ಮಂದವಾಗಿದ್ದು, ವೇಗ ಬಂದ ಮೇಲೆ ಸರಿಯಾಗಿ ಓಡಿದರೆ, ಗೇರಿನ ಕಂಪ್ಯೂಟರು ಏನೋ ದೋಷವನ್ನು ಕಂಡು ಆತ್ಮರಕ್ಷಣೆಗಾಗಿ ಮೇಲಿನ ಒಂದು ಗೇರಿಗೇ ಅಂಟಿಕೊಂಡಿರಬಹುದು. ಕನ್ವರ್ಟರಿನ ನಡುವಿನ ಅಲಗುಚಕ್ರವು ತನ್ನ ಹಿಡಿತವನ್ನು ಕಳೆದುಕೊಂಡಿರಲೂಬಹುದು. ಈ ಮೂರನ್ನು ಬೇರ್ಪಡಿಸಲು ಒಂದು ಕಾಸೂ ಖರ್ಚಿಲ್ಲ. ನಮ್ಮ ಕಾರಿನಲ್ಲಿ ಮುಳ್ಳು ೩,೦೦೦ದ ಮೇಲೆ ಏಳುತ್ತಿರಲೇ ಇಲ್ಲ. ಅದು ದಿನವೂ ನಮ್ಮ ಕಣ್ಣೆದುರಿಗೇ ಇದ್ದಿತು. ನಾವಾಗಲಿ ರಿಪೇರಿಯವರಾಗಲಿ ಅದನ್ನು ಓದಲಿಲ್ಲ.

ಗೇರಿನ ಎಣ್ಣೆಯೂ ಒಂದು ಸಾಕ್ಷಿ. ಅದರ ಮಟ್ಟವನ್ನು ಆಯಾ ಕಾರಿನ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿಯೇ ನೋಡಬೇಕು. ಹೊಸದಾಗಿದ್ದಾಗ ಸಾಮಾನ್ಯವಾಗಿ ಕೆಂಪಗಿರುವ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ, ಒಳಗಿನ ಕ್ಲಚ್ಚುಗಳು ಜಾರಿ ಬೆಂದಿವೆಯೆಂದು ಅರ್ಥ. ಇದಲ್ಲದೆ ಬ್ರೇಕನ್ನು ಭದ್ರವಾಗಿ ತುಳಿದು, ಗೇರಿನಲ್ಲಿಯೇ ಎಂಜಿನ್ನನ್ನು ಕೆಲವು ಕ್ಷಣ ಪೂರ್ತಿ ಒತ್ತಿ, ಅದು ಎಷ್ಟು ಸುತ್ತಿಗೆ ನಿಲ್ಲುತ್ತದೆ ಎಂದು ನೋಡುವ ಪರೀಕ್ಷೆಯೊಂದಿದೆ. ಕೈಪಿಡಿಯ ಅಂಕಿಗಿಂತ ಹೆಚ್ಚು ಬಂದರೆ ಗೇರಿನ ಕ್ಲಚ್ಚುಗಳು ಜಾರುತ್ತಿವೆ. ಕಡಿಮೆ ಬಂದರೆ ಎಂಜಿನ್ನು ದುರ್ಬಲವಾಗಿದೆ, ಇಲ್ಲವೇ ಕನ್ವರ್ಟರಿನಲ್ಲಿ ದೋಷವಿದೆ. ಆ ಕೆಲವು ಕ್ಷಣಗಳಲ್ಲಿ ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಐದು ಸೆಕೆಂಡು ಮೀರಿದರೆ ಗೇರುಪೆಟ್ಟಿಗೆಗೆ ಅಪಾಯ, ಬ್ರೇಕು ಜಾರಿದರೆ ಎದುರಿಗೆ ನಿಂತವರಿಗೆ ಅಪಾಯ. ಆದುದರಿಂದ ಇದು ಬಲ್ಲವರು ಮಾಡತಕ್ಕ ಪರೀಕ್ಷೆ. ಮನೆಯ ಮುಂದೆ ಮಾಡತಕ್ಕದ್ದಲ್ಲ.

ಇನ್ನು ಎಂಜಿನ್ನಿನ ವಿಚಾರ. ಪೆಟ್ರೋಲು ಎಂಜಿನ್ನು ಬದುಕುವುದು ನಾಲ್ಕರಿಂದ: ಒಳಗೆ ಬರುವ ಗಾಳಿ, ಅದಕ್ಕೆ ತಕ್ಕ ಪೆಟ್ರೋಲು, ಹೊತ್ತಿಗೆ ಸರಿಯಾಗಿ ಕಿಡಿ, ಸುಟ್ಟ ಹೊಗೆಗೆ ಹೊರಹೋಗುವ ದಾರಿ. ಮೊದಲಿನ ಮೂರನ್ನು ಎಲ್ಲರೂ ನೆನೆಯುತ್ತಾರೆ. ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿದರೆ ಉಸಿರು ಕಟ್ಟುತ್ತದೆ. ಇದು ಬಲು ಸುಲಭವಾಗಿ ಕಾಣುವ ದೋಷ. ಪೆಟ್ರೋಲಿನ ಫಿಲ್ಟರು ಕಟ್ಟಿಕೊಂಡರೆ, ಪಂಪು ಸೋತರೆ, ಹೆಚ್ಚು ಶಕ್ತಿ ಬೇಕಾದಾಗಲೇ ಪೆಟ್ರೋಲು ಸಾಲದೆ ಹೋಗುತ್ತದೆ. ಒತ್ತಡದ ಮಾಪಕವನ್ನು ಕೊಳವೆಗೆ ಜೋಡಿಸಿ ಓಡಿಸಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ಲಗ್ಗು ಸವೆದರೆ, ಅದಕ್ಕೆ ವಿದ್ಯುತ್ತು ಕೊಡುವ ಕಾಯಿಲು ದುರ್ಬಲವಾದರೆ ಒಂದು ಸಿಲಿಂಡರಿನ ಸರದಿ ಆಗಾಗ ತಪ್ಪುತ್ತದೆ. ನಾಲ್ಕನೆಯದನ್ನು ಮಾತ್ರ ಮರೆಯುವುದೇ ಹೆಚ್ಚು. ಸೈಲೆನ್ಸರಿನ ಕೊಳವೆಯ ಮೊದಲ ಭಾಗದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಉಪಕರಣವಿದೆ. ಅದರೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ದಿಂಡು; ರಂಧ್ರಗಳ ಗೋಡೆಗೆ ಪ್ಲಾಟಿನಂ, ಪೆಲ್ಲಾಡಿಯಂ, ರೋಡಿಯಂ ಎಂಬ ಲೋಹಗಳ ತೆಳುವಾದ ಲೇಪ. ವಿಷವಾದ ಕಾರ್ಬನ್ ಮಾನಾಕ್ಸೈಡು, ಸುಡದೆ ಉಳಿದ ಪೆಟ್ರೋಲಿನ ಆವಿ, ನೈಟ್ರೋಜನ್ನಿನ ಆಕ್ಸೈಡುಗಳು ಈ ಲೇಪದ ಸಾನ್ನಿಧ್ಯದಲ್ಲಿ ಹೆಚ್ಚಿನ ಅಪಾಯವಿಲ್ಲದ ಅನಿಲಗಳಾಗಿ ಮಾರ್ಪಡುತ್ತವೆ. ಈ ಜೇನುಗೂಡು ಕರಗಿ ಅಥವಾ ಪುಡಿಯಾಗಿ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಬಿಡಲಾಗುವುದಿಲ್ಲ. ಉಸಿರು ಬಿಡಲಾಗದವನು ಉಸಿರು ಎಳೆದುಕೊಳ್ಳಲೂ ಆರನಷ್ಟೆ.

ಕೊನೆಗೆ ನಮ್ಮ ಕಾರನ್ನು ನೋಡಿದವರು, ಹಿಂದೆ ಕಾರ್ಖಾನೆಯೊಂದರ ತಪಾಸಣೆಯ ವಿಭಾಗದಲ್ಲಿ ದುಡಿದು, ಈಗ ಚಿಕ್ಕ ಷೆಡ್ಡಿನಲ್ಲಿ ತಮ್ಮ ಪಾಡಿಗೆ ತಾವು ಕೆಲಸ ಮಾಡುವ ಹಿರಿಯರೊಬ್ಬರು. ಕತೆಯನ್ನೆಲ್ಲ ಕೇಳಿ ಅವರು ಹೇಳಿದ್ದು ಇಷ್ಟು: "ಗೇರ್‌ಬಾಕ್ಸ್ ಬಿಚ್ಚೋದು ಕೊನೆಗಿರಲಿ ಸ್ವಾಮಿ. ಮೊದಲು ಉಸಿರಾಟ ನೋಡೋಣ." ಎಂಜಿನ್ನಿನ ಗಾಳಿಯ ಕೊಳವೆಗೆ ಒಂದು ನಿರ್ವಾತಮಾಪಕವನ್ನು ಜೋಡಿಸಿದರು. ಪಿಸ್ಟನ್ನುಗಳು ಗಾಳಿಯನ್ನು ಹೀರುವುದರಿಂದ ಆ ಕೊಳವೆಯಲ್ಲಿ ಹೊರಗಿಗಿಂತ ಒತ್ತಡ ಕಡಿಮೆಯಿರುತ್ತದೆ. ಎಷ್ಟು ಕಡಿಮೆ ಎಂಬುದನ್ನು ಪಾದರಸದ ಅಂಗುಲಗಳಲ್ಲಿ ಈ ಮಾಪಕ ತೋರಿಸುತ್ತದೆ. ಎಂಜಿನ್ನು ಸುಮ್ಮನೆ ತಿರುಗುತ್ತಿದ್ದಾಗ ಮುಳ್ಳು ೧೬ರಲ್ಲಿ ನಿಂತಿತು. ನಾವು ಗಾಬರಿಗೊಂಡೆವು, ಆರೋಗ್ಯವಂತ ಎಂಜಿನ್ನಿಗೆ ೧೭ರಿಂದ ೨೧ ಇರಬೇಕೆಂದು ಪುಸ್ತಕದಲ್ಲಿ ಓದಿದ್ದೆವು. ಅವರು ನಕ್ಕು, "ಆ ಪುಸ್ತಕ ಸಮುದ್ರದ ದಂಡೇಲಿ ಬರೆದದ್ದು" ಎಂದರು.

ಆ ಮಾತಿನಲ್ಲಿ ಬೆಂಗಳೂರಿನವರು ನೆನಪಿಡಬೇಕಾದ ಒಂದು ಸಂಗತಿಯಿದೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ ೯೦೦ ಮೀಟರಿಗೂ, ಎಂದರೆ ಸುಮಾರು ಮೂರು ಸಾವಿರ ಅಡಿಗೂ, ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಮಂಗಳೂರಿನಲ್ಲಿರುವುದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ನಿರ್ವಾತಮಾಪಕದ ಅಂಕಿಯೂ ಸಾವಿರ ಅಡಿಗೆ ಒಂದು ಅಂಗುಲದಂತೆ ಇಳಿಯುತ್ತದೆ. ಇಲ್ಲಿ ೧೪ರಿಂದ ೧೮ ಬಂದರೆ ಸರಿಯೇ. ಟರ್ಬೊ ಇಲ್ಲದ ಎಂಜಿನ್ನುಗಳೆಲ್ಲ ಇಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಂದು ಪಾಲು ಶಕ್ತಿಯನ್ನು ಹುಟ್ಟಿನಿಂದಲೇ ಬಿಟ್ಟುಕೊಟ್ಟಿರುತ್ತವೆ. ಮಾಪಕವಿದ್ದರೆ ಸಾಲದು, ಅದನ್ನು ನಿಂತ ನೆಲಕ್ಕೆ ಹೊಂದಿಸಿ ಓದಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಈ ಲೆಕ್ಕವನ್ನು ತಿಳಿಯದವನು ಒಳ್ಳೆಯ ಎಂಜಿನ್ನನ್ನೇ ಕೆಟ್ಟಿದೆಯೆಂದು ಬಿಚ್ಚಿಬಿಡಬಹುದು.

ಅನಂತರ ಆ ಹಿರಿಯರು ಎಂಜಿನ್ನನ್ನು ೨,೫೦೦ ಸುತ್ತಿಗೆ ಏರಿಸಿ ಅಲ್ಲಿಯೇ ಹಿಡಿದರು. ಸರಿಯಾದ ಎಂಜಿನ್ನಿನಲ್ಲಿ ಮುಳ್ಳು ಒಮ್ಮೆ ಬಿದ್ದು, ಮತ್ತೆ ಮೊದಲಿನ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಬಂದು ನಿಲ್ಲಬೇಕು. ನಮ್ಮದರಲ್ಲಿ ಅದು ಮೇಲೆ ಬಂದು, ಆಮೇಲೆ ಮೆಲ್ಲಮೆಲ್ಲನೆ ಇಳಿಯುತ್ತ ಹೋಯಿತು. ಹೊರಹೋಗುವ ಹೊಗೆಗೆ ದಾರಿ ಸಾಲದೆ ಸಿಲಿಂಡರಿನಲ್ಲಿಯೇ ಸಿಕ್ಕಿಕೊಳ್ಳುತ್ತಿದೆಯೆಂಬುದಕ್ಕೆ ಇದು ಗುರುತು. ಅದನ್ನೂ ಅವರು ಒಂದೇ ಸಾಕ್ಷಿಯಿಂದ ನಂಬಲಿಲ್ಲ. ಕನ್ವರ್ಟರಿನ ಮುಂದಿರುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ, ಆ ತೂತಿಗೆ ಒತ್ತಡದ ಮಾಪಕವನ್ನು ಹಾಕಿ ನೋಡಿದರು. ಚದರ ಅಂಗುಲಕ್ಕೆ ಮೂರು ಪೌಂಡನ್ನು ಮೀರಬಾರದ ಒತ್ತಡ ಅದರ ಎರಡರಷ್ಟನ್ನೂ ದಾಟಿತ್ತು. ಕನ್ವರ್ಟರನ್ನು ಇಳಿಸಿ ಬೆಳಕಿಗೆ ಹಿಡಿದಾಗ ಜೇನುಗೂಡಿನ ಮುಕ್ಕಾಲು ಪಾಲು ಕರಗಿ ಗಾಜಿನಂತೆ ಮುಚ್ಚಿಕೊಂಡಿತ್ತು. ಕೆಲಸ ಇಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು. "ಕರಗಿದ್ದು ಯಾಕೆ ಅಂತ ತಿಳಿಯದೆ ಹೊಸದು ಹಾಕಿದರೆ ಅದೂ ಕರಗುತ್ತೆ" ಎಂದು ಅವರು ಕಾಯಿಲುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮೂರನೆಯ ಸಿಲಿಂಡರಿನ ಕಾಯಿಲು ಬಿಸಿಯಾದಾಗ ಕೈಕೊಡುತ್ತಿತ್ತು. ಸುಡದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಶಾಖ ಸಾವಿರ ಡಿಗ್ರಿಯನ್ನು ಮೀರಿ, ಪಿಂಗಾಣಿಯನ್ನು ಕರಗಿಸಿತ್ತು. ಇಡೀ ಅನರ್ಥಕ್ಕೆ ಮೂಲ ಆ ಒಂದು ಕಾಯಿಲು.

ಹಾಗಾದರೆ ಗೇರುಪೆಟ್ಟಿಗೆಯ ಮೇಲೆ ಆರೋಪ ಬಂದುದೇಕೆ? ನಾವು ಕಾಲನ್ನು ಪೂರ್ತಿ ಒತ್ತುತ್ತಿದ್ದೆವು. ಕಾರಿನ ವೇಗ ಏರುತ್ತಿರಲಿಲ್ಲ. ಓಡಿಸುವವನಿಗೆ ಹೆಚ್ಚು ಬಲ ಬೇಕಾಗಿದೆಯೆಂದು ಗೇರಿನ ಕಂಪ್ಯೂಟರು ತಿಳಿದುಕೊಂಡು ಕೆಳಗಿನ ಗೇರನ್ನೇ ಹಿಡಿದಿರುತ್ತಿತ್ತು. ಅದು ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ನಾವು ಅದನ್ನೇ ರೋಗವೆಂದು ಕರೆದೆವು. ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನ ಮಾತೂ ಹೀಗೆಯೇ. ಗಾಳಿಯ ಸೆನ್ಸರಿನ ಅಂಕಿ ನಿರೀಕ್ಷೆಗೆ ಹೊಂದುತ್ತಿಲ್ಲ ಎಂದು ಅದು ಹೇಳಿದ್ದು ನಿಜ. ಎಂಜಿನ್ನು ಗಾಳಿಯನ್ನೇ ಎಳೆದುಕೊಳ್ಳಲಾರದಿದ್ದಾಗ ಸೆನ್ಸರು ಇನ್ನೇನನ್ನು ಹೇಳೀತು? ನಿಜವನ್ನು ನುಡಿದ ಸಾಕ್ಷಿಯನ್ನೇ ನಾವು ಅಪರಾಧಿಯೆಂದು ಕಿತ್ತೆಸೆದೆವು. ಸ್ಕ್ಯಾನರಿನ ಸಂಕೇತವು ವಿಚಾರಣೆಯ ಆರಂಭವೇ ಹೊರತು ತೀರ್ಪಲ್ಲ.

ರಿಪೇರಿಗೆ ಮುಂಚೆ ಒಂದು ಭಾನುವಾರದ ಮುಂಜಾನೆ, ಜನಸಂಚಾರವಿಲ್ಲದ ನೇರವಾದ ರಸ್ತೆಯಲ್ಲಿ, ಒಬ್ಬರು ಓಡಿಸಿ ಇನ್ನೊಬ್ಬರು ಗಡಿಯಾರ ಹಿಡಿದು, ಕಾರು ನಿಂತಲ್ಲಿಂದ ಗಂಟೆಗೆ ೬೦ ಕಿಲೋಮೀಟರು ವೇಗಕ್ಕೆ ಬರಲು ಹಿಡಿಯುವ ಕಾಲವನ್ನು ಅಳೆದಿದ್ದೆವು. ಏರಿಳಿತದ ದೋಷ ಹೋಗಲೆಂದು ಎರಡು ದಿಕ್ಕಿನಲ್ಲಿಯೂ ಓಡಿಸಿ ಸರಾಸರಿ ತೆಗೆದೆವು: ೧೭ ಸೆಕೆಂಡು. ರಿಪೇರಿಯ ಅನಂತರ ಅದೇ ರಸ್ತೆಯಲ್ಲಿ ೯ ಸೆಕೆಂಡು. ಈ ಎರಡು ಅಂಕಿಗಳಿಂದ ಪ್ರೌಢಶಾಲೆಯ ಗಣಿತದಲ್ಲಿಯೇ ಶಕ್ತಿಯನ್ನು ಲೆಕ್ಕ ಹಾಕಬಹುದು. ಜನರೂ ಸೇರಿ ೧,೧೦೦ ಕಿಲೋಗ್ರಾಂ ಇರುವ ಕಾರಿಗೆ ಆ ವೇಗದಲ್ಲಿ ಸುಮಾರು ೧೫೩ ಕಿಲೋಜೌಲ್ ಚಲನಶಕ್ತಿಯಿರುತ್ತದೆ. ಅದನ್ನು ೧೭ ಸೆಕೆಂಡಿನಲ್ಲಿ ಒದಗಿಸಿದರೆ ಸರಾಸರಿ ೯ ಕಿಲೋವಾಟ್, ಎಂದರೆ ೧೨ ಅಶ್ವಶಕ್ತಿ. ೯ ಸೆಕೆಂಡಿನಲ್ಲಿ ಒದಗಿಸಿದರೆ ೧೭ ಕಿಲೋವಾಟ್, ೨೩ ಅಶ್ವಶಕ್ತಿ. ಗಾಳಿಯ ತಡೆಯೂ ಚಕ್ರಗಳ ತಡೆಯೂ ಈ ಲೆಕ್ಕದಲ್ಲಿ ಸೇರಿಲ್ಲ. ಆದರೂ ಹೋಲಿಕೆಗೆ ಇದು ಸಾಕು. 'ಪಿಕಪ್ ಇಲ್ಲ' ಎಂಬ ದೂರು, 'ಶಕ್ತಿಯಲ್ಲಿ ಅರ್ಧದಷ್ಟು ಕಾಣೆಯಾಗಿದೆ' ಎಂಬ ನಿಖರವಾದ ಹೇಳಿಕೆಯಾಯಿತು. ಕಾರು ಚೆನ್ನಾಗಿದ್ದ ದಿನಗಳಲ್ಲಿಯೇ ಈ ಅಂಕಿಯನ್ನು ಬರೆದಿಟ್ಟುಕೊಂಡಿದ್ದರೆ ದೋಷವು ಎಷ್ಟೋ ಮೊದಲೇ ಕಾಣುತ್ತಿತ್ತು.

ಇಂಥ ಅಳತೆಯಿಂದ ಇನ್ನೊಂದು ಪ್ರಯೋಜನವುಂಟು. ಈಚೆಗೆ ಹಳೆಯ ಕಾರು ಮಂಕಾದರೆ ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ದೂರುವುದು ವಾಡಿಕೆಯಾಗಿದೆ. ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಒಂದು ಲೀಟರು ಎಥನಾಲಿನಲ್ಲಿರುವ ಶಾಖಶಕ್ತಿ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು ಮಾತ್ರ. ನೂರಕ್ಕೆ ೨೦ ಪಾಲು ಬೆರೆಸಿದಾಗ ಲೀಟರಿಗೆ ನೂರಕ್ಕೆ ಆರು ಏಳರಷ್ಟು ಶಕ್ತಿ ಕಡಿಮೆಯಾಗುತ್ತದೆ, ಮೈಲೇಜು ಇಳಿಯುತ್ತದೆ. ಹಳೆಯ ಕಾರುಗಳ ರಬ್ಬರಿನ ಕೊಳವೆಗಳ ಮೇಲೆಯೂ ಪರಿಣಾಮವಾಗಬಹುದು. ಆದರೆ ಆರು ಏಳರ ಇಳಿತವು ಅರ್ಧ ಶಕ್ತಿಯ ನಷ್ಟವನ್ನು ವಿವರಿಸಲಾರದು. ಅಳತೆಯಿಲ್ಲದವನು ಇಡೀ ನಷ್ಟವನ್ನು ಎಥನಾಲಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾನೆ. ಅಷ್ಟರಲ್ಲಿ ಕಾಯಿಲು ಕನ್ವರ್ಟರನ್ನು ಕರಗಿಸಿರುತ್ತದೆ.

ಈ ಪ್ರಸಂಗ ಜಾಲಹಳ್ಳಿಯಲ್ಲಿ ನಡೆದುದು ನಮಗೆ ಹೆಚ್ಚು ವಿಷಾದವನ್ನುಂಟುಮಾಡಿತು. ವಾಯುಪಡೆಯ ತಾಂತ್ರಿಕ ಕಾಲೇಜು ೧೯೪೯ರಲ್ಲಿ ಇಲ್ಲಿ ಪ್ರಾರಂಭವಾಯಿತು. ಹಿಂದೂಸ್ಥಾನ್ ಮೆಷೀನ್ ಟೂಲ್ಸ್ ೧೯೫೩ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಸ್ಥಾಪಿತವಾಗಿ ಇಲ್ಲಿ ಲೇತುಗಳನ್ನು ತಯಾರಿಸಿತು. ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಬಂದಿತು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನೊಡನೆ ಕೈಗಡಿಯಾರದ ಕಾರ್ಖಾನೆ ಪ್ರಾರಂಭವಾಯಿತು. ಆ ಗಡಿಯಾರ ಸಂಸ್ಥೆಯನ್ನು ಮುಚ್ಚುವ ತೀರ್ಮಾನ ೨೦೧೬ರಲ್ಲಿ ಆಯಿತೆಂಬುದು ಬೇರೆಯ ಮಾತು. ಹಳ್ಳಿಗಳಿಂದ ಬಂದ ಸಾವಿರಾರು ತರುಣರು ಈ ಕಾರ್ಖಾನೆಗಳಲ್ಲಿ ಕಲಿತ ಮೊದಲ ಪಾಠ ಅಳತೆಯದು. ಮಿಲಿಮೀಟರಿನ ನೂರರಲ್ಲೊಂದು ಪಾಲನ್ನು ಮೈಕ್ರೋಮೀಟರಿನಲ್ಲಿ ಓದದೆ ಅಲ್ಲಿ ಯಾವ ಭಾಗವೂ ಮುಂದಕ್ಕೆ ಹೋಗುತ್ತಿರಲಿಲ್ಲ. ತಪಾಸಣೆ ಮಾಡುವವನು ಒಂದು ಭಾಗವನ್ನೂ ತಯಾರಿಸುತ್ತಿರಲಿಲ್ಲ. ಆದರೂ ಅವನಿಗೆ ಸಂಬಳವಿತ್ತು. ಅವನ ಕೆಲಸವಿಲ್ಲದೆ ಉಳಿದವರ ಕೆಲಸಕ್ಕೆ ಬೆಲೆಯಿಲ್ಲವೆಂಬುದನ್ನು ಕಾರ್ಖಾನೆ ಅರಿತಿತ್ತು.

ಅದೇ ಅರಿವು ಕಾರ್ಖಾನೆಯ ಗೇಟಿನ ಹೊರಗೆ ನಮ್ಮಲ್ಲಿ ಬೆಳೆಯಲಿಲ್ಲ. ವೈದ್ಯರು ನಾಡಿ ನೋಡಿ, 'ನಿಮಗೆ ಔಷಧ ಬೇಕಾಗಿಲ್ಲ' ಎಂದರೂ ಅವರ ಶುಲ್ಕವನ್ನು ಕೊಡುತ್ತೇವೆ. ಮೆಕ್ಯಾನಿಕ್ಕು ಎರಡು ಗಂಟೆ ಪರೀಕ್ಷಿಸಿ, 'ಗೇರುಪೆಟ್ಟಿಗೆ ಸರಿಯಾಗಿದೆ' ಎಂದರೆ, 'ಏನೂ ಹಾಕಲಿಲ್ಲ, ಬರೀ ನೋಡಿದ್ದಕ್ಕೆ ದುಡ್ಡೇ?' ಎಂದು ಕೇಳುತ್ತೇವೆ. ಬಾಡಿಗೆ ಕಟ್ಟಬೇಕಾದ, ಹುಡುಗರಿಗೆ ಸಂಬಳ ಕೊಡಬೇಕಾದ ಆತನಿಗೆ ನೋಡುವುದರಿಂದ ಲಾಭವಿಲ್ಲ, ಬದಲಾಯಿಸುವುದರಿಂದ ಮಾತ್ರ ಲಾಭವೆಂದು ಕಲಿಸಿದವರು ನಾವೇ. ನಾವು ಮೂರು ಸಲ ಭಾಗಗಳಿಗೆ ಕೊಟ್ಟ ಹಣದ ಒಂದು ಚಿಕ್ಕ ಅಂಶವನ್ನು ಮೊದಲ ದಿನವೇ ಪರೀಕ್ಷೆಗೆಂದು ಕೊಟ್ಟಿದ್ದರೆ ಉಳಿದದ್ದೆಲ್ಲ ಉಳಿಯುತ್ತಿತ್ತು. ಆ ಹಿರಿಯರು ಪರೀಕ್ಷೆಗೆ ಕೇಳಿದ ಕೂಲಿ, ನಾವು ಸುಮ್ಮನೆ ಬದಲಾಯಿಸಿದ ಪಂಪಿನ ಬೆಲೆಯ ಹತ್ತರಲ್ಲೊಂದು ಪಾಲೂ ಆಗಿರಲಿಲ್ಲ.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಪರೀಕ್ಷೆಯ ಶುಲ್ಕವೆಂಬುದು ಹಣ ಕೀಳುವ ಇನ್ನೊಂದು ದಾರಿಯಾಗದೇ ಎಂದು ಕೇಳಬಹುದು. ಆಗಬಹುದು, ಆದುದರಿಂದಲೇ ಶುಲ್ಕಕ್ಕೆ ಪ್ರತಿಯಾಗಿ ಅಂಕಿಗಳನ್ನು ಕೇಳಿ ಪಡೆಯಬೇಕು. ಎಂಜಿನ್ನಿನ ಸುತ್ತು, ಪೆಟ್ರೋಲಿನ ಒತ್ತಡ, ನಿರ್ವಾತ, ಪ್ರತಿಯೊಂದು ಸಿಲಿಂಡರಿನ ಒತ್ತಡ — ಇವುಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ, ಮಾಲಿಕನು ಅದನ್ನು ಇನ್ನೊಬ್ಬರಿಗೆ ತೋರಿಸಬಹುದು. ಉಪಕರಣಗಳಿಗೆ ಬಡ ಮೆಕ್ಯಾನಿಕ್ಕು ಎಲ್ಲಿಗೆ ಹೋಗಬೇಕೆಂಬುದು ಎರಡನೆಯ ಆಕ್ಷೇಪಣೆ. ನಮ್ಮ ಕಾರಿನ ರೋಗವನ್ನು ಹಿಡಿದುಕೊಟ್ಟವು ಮುಳ್ಳಿನ ಎರಡು ಮಾಪಕಗಳು, ದೊಡ್ಡ ಯಂತ್ರಗಳಲ್ಲ. ಬೇಕಾಗಿದ್ದುದು ಕ್ರಮ: ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚಬೇಕಾದ ಪರೀಕ್ಷೆ ಕೊನೆಗೆ.

ಕನ್ವರ್ಟರಿನ ಒಳಗಿನ ಜೇನುಗೂಡನ್ನು ಒಡೆದು ತೆಗೆದು ಖಾಲಿ ಡಬ್ಬಿಯನ್ನು ಹಾಗೆಯೇ ಜೋಡಿಸಿದರೆ ಕಾಸಿನ ಖರ್ಚಿಲ್ಲದೆ ಪಿಕಪ್ ಬರುತ್ತದೆಂದು ನಮಗೂ ಕೆಲವರು ಹೇಳಿದರು. ಬರುವುದು ನಿಜ. ಆದರೆ ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ನಮ್ಮ ಕಾರಿನ ಉಸಿರಾಟಕ್ಕಾಗಿ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರ ಉಸಿರನ್ನು ಕೆಡಿಸಿದಂತೆ. ಹೊಸ ಕನ್ವರ್ಟರಿಗೆ ಹ�ಣ ಕೊಡುವಾಗ ಕಷ್ಟವೆನಿಸಿತು. ಗೇರುಪೆಟ್ಟಿಗೆಗೆ ಹೇಳಿದ್ದುದರ ಅರ್ಧಕ್ಕಿಂತಲೂ ಅದು ಕಡಿಮೆಯಾಗಿತ್ತೆಂಬುದೇ ಸಮಾಧಾನ.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಕಾರು ಚೆನ್ನಾಗಿರುವಾಗಲೇ ಅದರ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅದು ಮಂಕಾದಾಗ ಏನನ್ನು ಬದಲಾಯಿಸಬೇಕೆಂದು ಕೇಳಬೇಡಿ. ಏನನ್ನು ಅಳೆದಿರಿ, ಎಷ್ಟು ಬಂದಿತು ಎಂದು ಕೇಳಿ. ಅಳೆದು ಹೇಳಿದವರಿಗೆ, ಅವರು ಒಂದು ತಿರುಪನ್ನೂ ಬದಲಾಯಿಸದಿದ್ದರೂ, ಕೂಲಿಯನ್ನು ಮನಸಾರೆ ಕೊಡಿ. ಕಾರು ಈಗ ನೋಂದಣಿಯ ನವೀಕರಣಕ್ಕೆ ಸಿದ್ಧವಾಗಿದೆ. ಅದರ ಪೆಟ್ಟಿಗೆಯಲ್ಲಿ ಕಾಗದಪತ್ರಗಳ ಜೊತೆಗೆ, ಆ ಹಿರಿಯರು ಪೆನ್ಸಿಲಿನಲ್ಲಿ ಬರೆದುಕೊಟ್ಟ ಅಂಕಿಗಳ ಚೀಟಿಯೂ ಇದೆ. ಅದರ ಕೆಳಗೆ ನಾವು ಒಂದು ಸಾಲನ್ನು ಸೇರಿಸಿದ್ದೇವೆ: 'ಸೊನ್ನೆಯಿಂದ ಅರುವತ್ತಕ್ಕೆ, ೯ ಸೆಕೆಂಡು.' ಮುಂದಿನ ವರ್ಷ ಅದೇ ರಸ್ತೆಯಲ್ಲಿ ಮತ್ತೆ ಅಳೆಯುತ್ತೇವೆ.